ರೈಫಲ್ ಪದೇ ಪದೇ ಸಿಕ್ಕಿಕೊಳ್ಳುತ್ತಿದೆಯಾ? ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ರೈಫಲ್ ಸಿಕ್ಕಿಕೊಂಡ ತಕ್ಷಣ ಬಹಳ ಜನ ಏನು ಮಾಡುತ್ತಾರೆ? ಬೋಲ್ಟ್ (ತೋಟೆಯನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಲೋಹದ ತುಂಡು) ಹಿಡಿಯನ್ನು ಜೋರಾಗಿ ಜಗ್ಗುತ್ತಾರೆ, ಒಳಗಿದ್ದದ್ದನ್ನು ಕೆಳಗೆ ಬೀಳಿಸುತ್ತಾರೆ, ಮತ್ತೆ ಗುರಿ ಹಿಡಿಯುತ್ತಾರೆ. ನಾಲ್ಕು ಗುಂಡು ಹಾರುತ್ತದೆ, ಐದನೆಯದು ಮತ್ತೆ ಸಿಕ್ಕಿಕೊಳ್ಳುತ್ತದೆ. ಮನೆಗೆ ಬಂದ ಮೇಲೆ "ಜಾಮ್ ಆಗ್ತಿದೆ, ಯಾವ ಸ್ಪ್ರಿಂಗ್ ಬದಲಾಯಿಸಲಿ?" ಎಂದು ಕೇಳುತ್ತಾರೆ.

ಜಾಮ್ ಅನ್ನುವುದು ಕಾಯಿಲೆಯ ಹೆಸರಲ್ಲ. ಅದು ಹೊಟ್ಟೆನೋವು ಅಂದ ಹಾಗೆ. ಎಲ್ಲಿ ನೋವು, ಯಾವಾಗ ಶುರುವಾಯಿತು, ಊಟಕ್ಕೆ ಮೊದಲಾ ಆಮೇಲಾ ಎಂದು ತಿಳಿಯದೆ ಔಷಧಿ ಕೊಡಲು ಆಗಲ್ಲ ಅಲ್ವಾ? ಬಂದೂಕಿಗೂ ಅದೇ ಮಾತು. ಎಲ್ಲಿ ನಿಂತಿತು ಎಂದು ಕಣ್ಣಾರೆ ನೋಡಬೇಕು, ಬರೆದುಕೊಳ್ಳಬೇಕು, ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು. ಖರ್ಚಿಲ್ಲದ್ದು ಮೊದಲು, ದುಬಾರಿಯದ್ದು ಕೊನೆಗೆ.

ಇಲ್ಲಿ ಹೇಳುತ್ತಿರುವುದು ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳ ಬಗ್ಗೆ. ಅಂದರೆ ಟ್ರಿಗರ್ ಒತ್ತಿದ ಮೇಲೆ ಖಾಲಿ ಕೇಸನ್ನು (ಗುಂಡು ಹೋದ ಮೇಲೆ ಉಳಿಯುವ ತೋಟೆಯ ಲೋಹದ ಕೊಳವೆ) ತಾನೇ ಎಸೆದು, ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವಂಥವು. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ ಕಾಣಸಿಗುತ್ತವೆ. 1964ರಲ್ಲಿ ಬಂದ ರುಗರ್ 10/22 ತರಹದ .22 (ಸಣ್ಣ ಕ್ಯಾಲಿಬರ್, ಅಂದರೆ ಕಿರಿದಾದ ನಳಿಗೆಯ) ರೈಫಲ್‌ಗಳಲ್ಲಿ ಖಾಲಿ ಕೇಸೇ ಬೋಲ್ಟನ್ನು ಹಿಂದಕ್ಕೆ ನೂಕುತ್ತದೆ. ಇದಕ್ಕೆ ಬ್ಲೋಬ್ಯಾಕ್ ಎನ್ನುತ್ತಾರೆ. ಎಆರ್-15 ತರಹದವುಗಳಲ್ಲಿ ಬ್ಯಾರೆಲ್‌ನ ಸಣ್ಣ ತೂತಿನಿಂದ ಗ್ಯಾಸ್ ತೆಗೆದು, ಅದರ ಬಲದಿಂದ ಬೋಲ್ಟ್ ತೆರೆಯುತ್ತದೆ.

ಕೈ ಹಾಕುವ ಮೊದಲು

ಮ್ಯಾಗಜಿನ್, ಅಂದರೆ ತೋಟೆ ತುಂಬಿಡುವ ಡಬ್ಬಿ, ತೆಗೆಯಿರಿ. ಬೋಲ್ಟ್ ಹಿಂದಕ್ಕೆಳೆದು ಅಲ್ಲೇ ನಿಲ್ಲಿಸಿ. ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಇಟ್ಟೂ ನೋಡಿ. ಈ ಕ್ರಮ ತಪ್ಪಬಾರದು. ಮ್ಯಾಗಜಿನ್ ಒಳಗಿಟ್ಟುಕೊಂಡೇ ಬೋಲ್ಟ್ ಎಳೆದು ಬಿಟ್ಟರೆ ಮೇಲಿನ ತೋಟೆ ಸೀದಾ ಚೇಂಬರಿಗೆ ಹೋಗಿ ಕೂರುತ್ತದೆ. ಮನೆಯಲ್ಲಿ ಪರೀಕ್ಷೆ ಮಾಡುವಾಗ ಡಮ್ಮಿ ತೋಟೆ ಮಾತ್ರ ಬಳಸಿ. ಅಸಲಿ ತೋಟೆಗಳು ಆ ಕೋಣೆಯಲ್ಲೇ ಇರಬಾರದು.

ಟ್ರಿಗರ್ ಒತ್ತಿದಾಗ ಗುಂಡು ಹಾರಲಿಲ್ಲ ಎಂದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ. ಮದ್ದು ತಡವಾಗಿ ಹತ್ತಿಕೊಳ್ಳುವುದೂ ಉಂಟು. ನಾನು ಒಂದು ನಿಮಿಷ ಕಾಯುತ್ತೇನೆ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. "ಢಂ" ಅನ್ನಬೇಕಾದ ಜಾಗದಲ್ಲಿ "ಪುಸ್" ಎಂದು ಸಣ್ಣ ಸದ್ದು ಬಂತು, ಭುಜಕ್ಕೆ ಒದೆತವೇ ಗೊತ್ತಾಗಲಿಲ್ಲ ಎಂದರೆ ಅಲ್ಲಿಗೆ ನಿಲ್ಲಿಸಿ. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಸಿಕ್ಕಿಕೊಳ್ಳುವ ರೈಫಲ್‌ನಲ್ಲಿ ಈ ಅಪಾಯ ಜಾಸ್ತಿ. ಯಾಕೆಂದರೆ ಬೋಲ್ಟ್ ಪೂರ್ತಿ ಹಿಂದೆ ಬರದಿದ್ದರೆ "ಅಯ್ಯೋ, ಮತ್ತೆ ಅದೇ ತೊಂದರೆ" ಎಂದುಕೊಂಡು ಕೈ ತಾನಾಗಿ ಬೋಲ್ಟ್ ಜಗ್ಗುತ್ತದೆ. ಅನುಮಾನ ಬಂದರೆ ರೈಫಲ್ ಖಾಲಿ ಮಾಡಿ, ನಳಿಗೆಯಲ್ಲಿ ರಾಡ್ ತೂರಿಸಿ ನೋಡಿ. ಆಮೇಲಷ್ಟೇ ಮುಂದಿನ ಮಾತು.

ಹಂತ 1: ಜಗ್ಗುವ ಮೊದಲು ನೋಡಿ

ಒಂದು ಗುಂಡು ಹಾರುವುದರ ಸುತ್ತ ರೈಫಲ್ ಎಂಟು ಕೆಲಸ ಮಾಡುತ್ತದೆ (ಬ್ಲೋಬ್ಯಾಕ್‌ನಲ್ಲಿ ಬೋಲ್ಟ್ ಬಿಗಿಯುವುದು, ಬಿಚ್ಚುವುದು ಇರುವುದಿಲ್ಲ). ಮ್ಯಾಗಜಿನ್‌ನಿಂದ ತೋಟೆ ಎತ್ತುವುದು, ಚೇಂಬರಿಗೆ ತಳ್ಳುವುದು, ಬೋಲ್ಟ್ ಬಿಗಿಯುವುದು, ಹೊಡೆಯುವುದು, ಬೋಲ್ಟ್ ಬಿಚ್ಚುವುದು, ಖಾಲಿ ಕೇಸನ್ನು ಹೊರಗೆಳೆಯುವುದು, ಪಕ್ಕಕ್ಕೆ ಎಸೆಯುವುದು, ಗುಂಡು ಹಾರಿಸಲು ಬಡಿಯುವ ಹ್ಯಾಮರನ್ನು ಮತ್ತೆ ಸಜ್ಜು ಮಾಡುವುದು. ನಿಮ್ಮ ರೈಫಲ್ ಈ ಎಂಟರಲ್ಲಿ ಎಲ್ಲೋ ಒಂದು ಕಡೆ ಎಡವುತ್ತಿದೆ. ಎಲ್ಲಿ ಎಂಬುದನ್ನು ಸಿಕ್ಕಿಕೊಂಡ ಆ ಸ್ಥಿತಿಯೇ ಹೇಳುತ್ತದೆ.

ಆದ್ದರಿಂದ ನಳಿಗೆ ಗುರಿಯ ಕಡೆಗಿಟ್ಟು, ಬೆರಳು ಟ್ರಿಗರ್‌ನಿಂದ ದೂರ ಇಟ್ಟು, ಸೇಫ್ಟಿ ಹಾಕಿ, ಖಾಲಿ ಕೇಸ್ ಹೊರಬೀಳುವ ಕಿಂಡಿಯೊಳಗೆ ನೋಡಿ. ಪಕ್ಕದಲ್ಲಿದ್ದವರಿಂದ ಫೋನ್‌ನಲ್ಲಿ ಒಂದು ಫೋಟೋ ತೆಗೆಸಿಕೊಂಡರೆ ಇನ್ನೂ ಒಳ್ಳೆಯದು.

ಹೊಸ ತೋಟೆಯ ಮೂತಿ ಚೇಂಬರ್ ಬಾಯಿಯ ಕೆಳಗೆ ಕುಟ್ಟಿ ನಿಂತಿದೆಯಾ? ಮೊದಲ ಅನುಮಾನ ಮ್ಯಾಗಜಿನ್ ಮೇಲೆ. ಖಾಲಿ ಕೇಸ್ ಕಿಂಡಿಯಲ್ಲಿ ಚಿಮಣಿಯ ಹಾಗೆ ನೆಟ್ಟಗೆ ನಿಂತಿದೆಯಾ? ಎಳೆಯುವ ಕೆಲಸ ಆಗಿದೆ, ಎಸೆಯುವುದು ಸರಿಯಾಗಿ ಆಗಿಲ್ಲ. ಖಾಲಿ ಕೇಸ್ ಚೇಂಬರ್ ಒಳಗೇ ಉಳಿದು, ಅದರ ಹಿಂದೆ ಹೊಸ ತೋಟೆ ಬಂದು ಗುದ್ದಿದೆಯಾ? ಎಳೆಯುವ ಕೆಲಸವೇ ಕೈಕೊಟ್ಟಿದೆ. ಬೋಲ್ಟ್ ಮುಚ್ಚಿದೆ, ಟ್ರಿಗರ್ ಒತ್ತಿದರೆ "ಟಕ್" ಎನ್ನುತ್ತದೆ, ಒಳಗೆ ತೋಟೆಯೇ ಇಲ್ಲ ಎಂದರೆ ಬೋಲ್ಟ್ ಮುಂದಿನ ತೋಟೆ ಎತ್ತುವಷ್ಟು ಹಿಂದೆ ಹೋಗಿಲ್ಲ, ಅಥವಾ ಮ್ಯಾಗಜಿನ್ ಸರಿಯಾಗಿ ಕೂತಿಲ್ಲ. ಒಳಗೆ ತೋಟೆ ಇದ್ದೂ "ಟಕ್" ಎಂದರೆ ಅದು ಬೇರೆಯೇ ವಿಷಯ. ಆಗ ಪ್ರೈಮರ್ (ಕೇಸಿನ ತಳದಲ್ಲಿ ಮದ್ದು ಹೊತ್ತಿಸುವ ಸಣ್ಣ ಬಟ್ಟಲು) ಮೇಲಿನ ಗುರುತು ನೋಡಬೇಕು. .22 ಆದರೆ ಕೇಸಿನ ಅಂಚಿನ ಗುರುತು ನೋಡಬೇಕು.

ಇಷ್ಟು ಮಾಡಿದರೆ ಅರ್ಧ ದಾರಿ ಬಂದ ಹಾಗೆ. ನಿಜವಾಗಿಯೂ.

ಹಂತ 2: ಬರೆದಿಡಿ

ಒಂದು ಸಣ್ಣ ಪುಸ್ತಕ ಸಾಕು. ಯಾವ ಮ್ಯಾಗಜಿನ್, ಯಾವ ತೋಟೆ, ಎಷ್ಟನೇ ಗುಂಡಿಗೆ, ಏನಾಯಿತು. ಇಪ್ಪತ್ತು ಸಾಲು ಬರೆಯುವಷ್ಟರಲ್ಲಿ ಏನೋ ಒಂದು ಎದ್ದು ಕಾಣುತ್ತದೆ. ಪ್ರತಿ ಸಲ ಮೊದಲ ಗುಂಡಿಗೇ ಆಗುತ್ತಿದ್ದರೆ ಒಂದು ಕಾರಣ. ಯಾವಾಗಲೂ ಕೊನೆಯ ಎರಡರಲ್ಲಿ ಆದರೆ ಇನ್ನೊಂದು. ನೂರು ಗುಂಡಿನ ನಂತರ ಮಾತ್ರ ಶುರುವಾದರೆ ಮಸಿಯ ಕಡೆಗೆ ಬೆರಳು ಹೋಗುತ್ತದೆ.

ಹಂತ 3: ಮ್ಯಾಗಜಿನ್

ತೋಟೆ ಸರಿಯಾಗಿ ಏರದ ತೊಂದರೆಗೆ ಬಂದೂಕಿಗಿಂತ ಹೆಚ್ಚಾಗಿ ಮ್ಯಾಗಜಿನ್ನೇ ಕಾರಣವಾಗಿರುತ್ತದೆ. ಪರೀಕ್ಷೆಯೂ ಸುಲಭ. ಎಲ್ಲ ಮ್ಯಾಗಜಿನ್‌ಗಳ ಮೇಲೆ ಪೇಂಟ್ ಪೆನ್ನಿನಿಂದ 1, 2, 3 ಎಂದು ನಂಬರ್ ಹಾಕಿ. ಒಂದೇ ತೋಟೆ, ಒಂದೇ ರೈಫಲ್, ಬರೀ ಮ್ಯಾಗಜಿನ್ ಬದಲಾಯಿಸಿ ಹೊಡೆಯಿರಿ. ತೊಂದರೆ 2ನೇ ನಂಬರ್ ಜೊತೆಗೇ ಓಡಾಡುತ್ತಿದ್ದರೆ ಹುಡುಕಾಟ ಅಲ್ಲಿಗೆ ಮುಗಿಯಿತು.

ಆ ಮ್ಯಾಗಜಿನ್ ಬಿಚ್ಚಿ ನೋಡಿ. ಮೇಲೆ ತೋಟೆಯನ್ನು ತಡೆದಿಡುವ ಎರಡು ತುಟಿಗಳು ಅಗಲಿಸಿವೆಯಾ, ಬಿರುಕು ಬಿಟ್ಟಿವೆಯಾ? ಒಳ್ಳೆಯ ಮ್ಯಾಗಜಿನ್ ಪಕ್ಕ ಇಟ್ಟು ಹೋಲಿಸಿದರೆ ಗೊತ್ತಾಗುತ್ತದೆ. ಒಳಗೆ ಧೂಳು, ಮರಳು, ಹಳೆಯ ಎಣ್ಣೆಯ ಅಂಟು ಇದೆಯಾ? ಒಣ ಬಟ್ಟೆಯಿಂದ ಒರೆಸಿ ಹಾಗೇ ಬಿಡಿ, ಎಣ್ಣೆ ಹಾಕಬೇಡಿ. ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಪೂರ್ತಿ ತುಂಬಿದಾಗ ಮಾತ್ರ ಮೊದಲ ಗುಂಡು ಕೈಕೊಟ್ಟರೆ ಒಂದು ತೋಟೆ ಕಡಿಮೆ ತುಂಬಿ ನೋಡಿ. ಕೊನೆಯ ಒಂದೆರಡರಲ್ಲಿ ತೋಟೆಯ ಮೂತಿ ಕೆಳಗೆ ಬಾಗುತ್ತಿದ್ದರೆ ಸ್ಪ್ರಿಂಗ್ ಸೋತಿದೆ. ತುಟಿ ಬಾಗಿದ ಮ್ಯಾಗಜಿನ್ನನ್ನು ಪಕ್ಕಡ್‌ನಲ್ಲಿ ತಿದ್ದಲು ಹೋಗಬೇಡಿ. ಬಿಸಾಡಿ. ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಇನ್ನೊಂದು ದಿನ ಅದೇ ಕೈಗೆ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಮ್ಯಾಗಜಿನ್ ಹಾಕಿದ ಮೇಲೆ ಒಮ್ಮೆ ಕೆಳಗೆ ಜಗ್ಗಿ ನೋಡಿ. ಪೂರ್ತಿ ಕೂರದ ಮ್ಯಾಗಜಿನ್‌ನಿಂದ ಬೋಲ್ಟ್ ತೋಟೆಯ ಮೇಲೆ ಜಾರಿಕೊಂಡು ಹೋಗಿಬಿಡುತ್ತದೆ.

ಹಂತ 4: ತೋಟೆ

.22 ರೈಫಲ್ ಆದರೆ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಬ್ಲೋಬ್ಯಾಕ್ ಬಂದೂಕಿಗೆ ಬೋಲ್ಟನ್ನು ನೂಕಲು ಸಿಗುವ ಬಲ ತೋಟೆಯಿಂದ ಬರುವುದಷ್ಟೇ. ಗುರಿ ಸ್ಪರ್ಧೆಗೆಂದು ಮಾಡುವ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟೆಯ ವೇಗ ಸೆಕೆಂಡಿಗೆ ಸುಮಾರು 1,070 ಅಡಿ. ಹೈ ವೆಲಾಸಿಟಿ ತೋಟೆಯದು ಸುಮಾರು 1,250 ಅಡಿ. ಮೊದಲನೆಯದರಲ್ಲಿ ತಡವರಿಸುವ ರೈಫಲ್ ಎರಡನೆಯದರಲ್ಲಿ ಗಡಿಯಾರದ ಹಾಗೆ ಓಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆದ್ದರಿಂದ ಬಿಡಿಭಾಗ ಕೊಳ್ಳುವ ಮೊದಲು ಎರಡು ಮೂರು ಬಗೆಯ ಹೈ ವೆಲಾಸಿಟಿ ತೋಟೆ, ಒಂದೊಂದು ಡಬ್ಬಿ ಹೊಡೆದು ನೋಡಿ. ಹೊಸ ರೈಫಲ್ ಆಗಿದ್ದರೆ ಮೊದಲ ಕೆಲವು ನೂರು ಗುಂಡು ಸ್ವಲ್ಪ ಬಿಗಿಯಾಗಿರುವುದು ಸಹಜ.

ದೊಡ್ಡ ಕ್ಯಾಲಿಬರ್‌ಗಳಲ್ಲಿ ಮದ್ದಿನ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಹಳೆಯ ಸೈನಿಕ ರೈಫಲ್ ಎಂ1 ಗ್ಯಾರಂಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಗ್ಯಾಸ್ ತೂತು ನಳಿಗೆಯ ತುದಿಯ ಹತ್ತಿರ ಇದೆ. ನಿಧಾನ ಉರಿಯುವ ಮದ್ದು ತುಂಬಿದರೆ ಅಲ್ಲಿಗೆ ಬರುವ ಹೊತ್ತಿಗೂ ಒತ್ತಡ ಜಾಸ್ತಿಯೇ ಉಳಿದು, ಬೋಲ್ಟನ್ನು ಹಿಂದಕ್ಕೆ ಒಯ್ಯುವ ಆಪರೇಟಿಂಗ್ ರಾಡ್ ಬಾಗಿಹೋಗಬಹುದು. ಇನ್ನು 1960ರ ದಶಕದ ಅಮೆರಿಕದ ಸೇನೆಯ ಎಂ16 ರೈಫಲ್ ಕಥೆ ಬಂದೂಕು ಹಿಡಿಯುವ ಎಲ್ಲರೂ ತಿಳಿದಿರಬೇಕಾದದ್ದು. ಮದ್ದಿನ ಬಗೆ ಬದಲಾಯಿತು, ಚೇಂಬರಿಗೆ ಕ್ರೋಮ್ ಲೇಪ ಇರಲಿಲ್ಲ, ಸ್ವಚ್ಛ ಮಾಡುವ ಸಾಮಾನು ಸೈನಿಕರಿಗೆ ಸಾಕಷ್ಟು ಸಿಕ್ಕಿರಲಿಲ್ಲ. ವಿಯೆಟ್ನಾಂನಲ್ಲಿ ಖಾಲಿ ಕೇಸುಗಳು ಚೇಂಬರಿಗೆ ಕಚ್ಚಿಕೊಂಡು ಬಂದೂಕುಗಳು ನಿಂತುಹೋದವು. 1967ರಲ್ಲಿ ಅಮೆರಿಕದ ಕಾಂಗ್ರೆಸ್‌ನ ಉಪಸಮಿತಿಯೇ ಇದರ ತನಿಖೆ ಮಾಡಿತು. ಒಂದೇ ಕಾರಣವಲ್ಲ, ಮೂರು ಸೇರಿ ಆದದ್ದು. ನಮ್ಮ ರೈಫಲ್‌ಗಳಲ್ಲೂ ಹೀಗೆ ಎರಡು ಮೂರು ಸಣ್ಣ ಕೊರತೆ ಕೂಡಿಕೊಳ್ಳುವುದುಂಟು.

ಕೈಯಲ್ಲೇ ತುಂಬಿದ ತೋಟೆ ಬಳಸುವವರಿಗೆ ಒಂದು ಮಾತು. ಮೊದಲು ಕಾರ್ಖಾನೆಯ ತೋಟೆ ಹೊಡೆದು ನೋಡಿ. ಅದು ಸಲೀಸಾಗಿ ಓಡಿದರೆ ರೈಫಲ್ ಮುಟ್ಟಬೇಡಿ. ನಿಮ್ಮ ಕೇಸುಗಳು ಪೂರ್ತಿ ಉದ್ದಕ್ಕೆ ಸೈಜ್ ಆಗಿವೆಯಾ, ಪ್ರೈಮರ್ ಒಳಗೆ ಕೂತಿದೆಯಾ, ಕೇಸ್ ಗೇಜ್‌ನಲ್ಲಿ ಸರಾಗ ಇಳಿಯುತ್ತವೆಯಾ ನೋಡಿ.

ಹಂತ 5: ಸ್ವಚ್ಛ ಮಾಡಿ, ಆದರೆ ಸರಿಯಾದ ಜಾಗದಲ್ಲಿ

ನಳಿಗೆಯನ್ನು ಕನ್ನಡಿ ಹಾಗೆ ಉಜ್ಜುತ್ತಾರೆ, ಚೇಂಬರ್ ಮುಟ್ಟುವುದೇ ಇಲ್ಲ. ರೈಫಲ್ ಓಡುವುದು, ನಿಲ್ಲುವುದು ಚೇಂಬರ್ ಮೇಲೆ. ಚೇಂಬರ್ ನಳಿಗೆಗಿಂತ ಅಗಲ ಇರುವುದರಿಂದ ಕ್ಯಾಲಿಬರ್‌ಗೆ ತಕ್ಕ ಚೇಂಬರ್ ಬ್ರಷ್ಷೇ ಬೇಕು. ಮಸಿ ಕರಗಿಸುವ ಸಾಲ್ವೆಂಟ್ ಹಾಕಿ, ಹತ್ತು ನಿಮಿಷ ಬಿಟ್ಟು, ಬ್ರಷ್ಷನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾ ಉಜ್ಜಿ. .22ರಲ್ಲಿ ಮೇಣ ಮತ್ತು ಸೀಸ ಸೇರಿ ಚೇಂಬರಿನ ಮುಂಭಾಗದಲ್ಲಿ ಬಳೆಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ತೋಟೆ ಅಲ್ಲಿಗೆ ಬಂದು ಕೂದಲೆಳೆಯಷ್ಟು ಹೊರಗೇ ನಿಂತುಬಿಡುತ್ತದೆ. ಉಜ್ಜಿದ ಮೇಲೆ ಒಣ ಬಟ್ಟೆ ತುಂಡು ಹಾಕಿ ಪೂರ್ತಿ ಒಣಗಿಸಿ. ಚೇಂಬರ್‌ನಲ್ಲಿ ಎಣ್ಣೆ ಉಳಿಯಬಾರದು. ಎಣ್ಣೆ ಇದ್ದರೆ ಕೇಸಿಗೆ ಚೇಂಬರಿನ ಗೋಡೆಯ ಹಿಡಿತ ತಪ್ಪಿ, ಹೊಡೆತವೆಲ್ಲ ಬೋಲ್ಟ್ ಮೇಲೆ ಬೀಳುತ್ತದೆ.

ಆಮೇಲೆ ಬೋಲ್ಟಿನ ಮುಖ. ಖಾಲಿ ಕೇಸನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರ್ ಉಗುರಿನ ಕೆಳಗೆ ಹಲ್ಲುಜ್ಜುವ ಹಳೆಯ ಬ್ರಷ್ ಹಾಕಿ. ಮರದ ಕಡ್ಡಿಯಿಂದ ಕೆದಕಿದರೆ ಕರಿಯ ಪುಡಿ ಉದುರುತ್ತದೆ. ಹಿತ್ತಾಳೆ ಚೂರೂ ಸಿಗಬಹುದು.

ಎಣ್ಣೆ ಎಲ್ಲಿ ಹಾಕಬೇಕು ಎಂದು ಪುಸ್ತಕ ನೋಡುವ ಮೊದಲು ಲೋಹವನ್ನೇ ನೋಡಿ. ಬಣ್ಣ ಸವೆದು ಹೊಳೆಯುವ ಜಾಗಗಳೇ ಉಜ್ಜಾಡುವ ಜಾಗಗಳು. ಎಆರ್-15ರಲ್ಲಿ ಬೋಲ್ಟ್ ಕ್ಯಾರಿಯರಿನ (ಬೋಲ್ಟನ್ನು ಹೊತ್ತು ಓಡುವ ಭಾಗ) ನಾಲ್ಕು ಪಟ್ಟಿಗಳು, ಕ್ಯಾಮ್ ಪಿನ್ (ಬೋಲ್ಟನ್ನು ತಿರುಗಿಸುವ ಮೊಳೆ), ಗ್ಯಾಸ್ ರಿಂಗ್‌ಗಳು (ಗ್ಯಾಸ್ ಸೋರದಂತೆ ಬೋಲ್ಟಿನ ಸುತ್ತ ಇರುವ ಬಳೆಗಳು). ಅವಕ್ಕೆ ಧಾರಾಳವಾಗಿ ಹಾಕಿ. .22ರಲ್ಲಿ ಬೋಲ್ಟಿನ ಪಕ್ಕಗಳಿಗೆ ತೆಳುವಾಗಿ ಸವರಿದರೆ ಸಾಕು. ಗ್ಯಾಸಿನ ಬಲವನ್ನು ಬೋಲ್ಟಿಗೆ ದಾಟಿಸಲು ಪಿಸ್ಟನ್ ಇರುವ ರೈಫಲ್‌ಗಳಲ್ಲಿ ಪಿಸ್ಟನ್ ತಲೆ ಒಣಗಿಯೇ ಇರಲಿ. ಅಲ್ಲಿ ಎಣ್ಣೆ ಸುಟ್ಟು ಡಾಂಬರಿನ ಹಾಗಾಗುತ್ತದೆ. ತುಂಬಾ ಚಳಿ ಇರುವ ಕಡೆ ಗ್ರೀಸ್ ಬಿಗಿದುಕೊಂಡು ಬೋಲ್ಟ್ ನಿಧಾನವಾಗುತ್ತದೆ, ಅಲ್ಲಿಗೆ ತೆಳು ಎಣ್ಣೆ ಒಳ್ಳೆಯದು.

ಹಂತ 6: ಏನು ಎಲ್ಲಿ ತಾಗುತ್ತಿದೆ?

ಇದನ್ನು ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ನನ್ನ .22 ರೈಫಲ್ ಹತ್ತಕ್ಕೆ ಒಂದರಂತೆ ಖಾಲಿ ಕೇಸನ್ನು ಚಿಮಣಿ ಹಾಗೆ ನಿಲ್ಲಿಸುತ್ತಿತ್ತು. ಎಕ್ಸ್‌ಟ್ರಾಕ್ಟರ್ ಬದಲಾಯಿಸಿದೆ, ಬೋಲ್ಟನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಬದಲಾಯಿಸಿದೆ, ಎರಡು ತಿಂಗಳು ಕಳೆಯಿತು. ಒಂದು ಸಂಜೆ ಬೋಲ್ಟನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಾಗ ಅದರ ಬೆನ್ನ ಮೇಲೆ ದಾರದಷ್ಟು ಸಣ್ಣ, ಬೆಳ್ಳಗೆ ಹೊಳೆಯುವ ಗೀರು ಕಂಡಿತು. ಬೆರಳುಗುರಿಗೆ ತಡೆಯುವಷ್ಟು ಆಳ. ರಿಸೀವರ್ (ಬೋಲ್ಟ್ ಓಡಾಡುವ ಹೊರಕವಚ) ತಲೆಕೆಳಗು ಮಾಡಿ ಟಾರ್ಚ್ ಬಿಟ್ಟೆ. ಸ್ಕೋಪ್ ಕೂರಿಸುವ ಪಟ್ಟಿಯ ನಾಲ್ಕು ಸ್ಕ್ರೂಗಳಲ್ಲಿ ಒಂದರ ತುದಿ ಒಳಗೆ ಇಣುಕುತ್ತಿತ್ತು. ಅದು ಬೋಲ್ಟನ್ನು ಪ್ರತಿ ಸಲವೂ ಹಿಡಿದು ನಿಧಾನ ಮಾಡುತ್ತಿತ್ತು. ಸ್ಕ್ರೂ ಒಂದೂವರೆ ಸುತ್ತಿನಷ್ಟು ಹೆಚ್ಚು ಉದ್ದ ಇತ್ತು, ಅಷ್ಟೇ. ಗಿಡ್ಡ ಸ್ಕ್ರೂ ಹಾಕಿದ ದಿನದಿಂದ ಆ ತೊಂದರೆ ಮತ್ತೆ ಬಂದಿಲ್ಲ.

ಆದ್ದರಿಂದ ಮಾಡಬೇಕಾದ್ದು ಇಷ್ಟು. ರೈಫಲ್ ಖಾಲಿ ಮಾಡಿ, ಬೋಲ್ಟನ್ನು ಕೈಯಿಂದ ಬಹಳ ನಿಧಾನವಾಗಿ ಹಿಂದೆ ಮುಂದೆ ಆಡಿಸಿ. ಎಲ್ಲಾದರೂ ಗರಗರ ಅನಿಸುತ್ತಾ, ತಡೆಯುತ್ತಾ? ಬೋಲ್ಟ್ ಮತ್ತು ರಿಸೀವರ್ ಒಳಗೆ ಹೊಸ ಗೀರು ಹುಡುಕಿ. ಸ್ಟಾಕ್ (ಭುಜಕ್ಕೆ ಆನಿಸುವ ಹಿಡಿ) ಸ್ಕ್ರೂ ಅತಿಯಾಗಿ ಬಿಗಿದರೆ ಕೆಲವು ರೈಫಲ್‌ಗಳಲ್ಲಿ ಬೋಲ್ಟ್ ಕಚ್ಚುತ್ತದೆ. ಸ್ವಲ್ಪ ಸಡಿಲಿಸಿ ವ್ಯತ್ಯಾಸ ನೋಡಿ.

ಮೊದಲ ಗುಂಡಿಗೆ ಮಾತ್ರ ತೊಂದರೆ ಆಗುವವರು ತಮ್ಮ ಕೈಯನ್ನೂ ಗಮನಿಸಬೇಕು. ಬೋಲ್ಟ್ ಹಿಂದಕ್ಕೆಳೆದು, ಹಿಡಿದುಕೊಂಡೇ ಮೆಲ್ಲಗೆ ಮುಂದೆ ಬಿಡುವವರಿದ್ದಾರೆ. ಹಾಗೆ ಮಾಡಬಾರದು. ಪೂರ್ತಿ ಎಳೆದು ಕೈ ಬಿಟ್ಟುಬಿಡಿ. ಸ್ಪ್ರಿಂಗ್‌ನ ಪೂರ್ತಿ ಬಲ ಇದ್ದರೆ ಮಾತ್ರ ಬೋಲ್ಟ್ ಸರಿಯಾಗಿ ಮುಚ್ಚುತ್ತದೆ.

ಹಂತ 7: ಖಾಲಿ ಕೇಸ್ ಹೊರಗೆ ಬರುತ್ತಿಲ್ಲ ಎಂದರೆ

ಕೇಸಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಅಂಚು ಹರಿದಿದೆ, ಬಾಗಿದೆ ಎಂದರೆ ಎಕ್ಸ್‌ಟ್ರಾಕ್ಟರ್ ಹಿಡಿದೆಳೆದಿದೆ, ಕೇಸೇ ಬಿಡಲಿಲ್ಲ. ಚೇಂಬರ್ ಒರಟಾಗಿರಬಹುದು, ಮಸಿ ಕಟ್ಟಿರಬಹುದು, ಅಥವಾ ಒತ್ತಡ ಇಳಿಯುವ ಮೊದಲೇ ಬೋಲ್ಟ್ ತೆರೆಯುತ್ತಿರಬಹುದು. ಅಂಚಿನ ಮೇಲೆ ಗುರುತೇ ಇಲ್ಲ, ಅಥವಾ ಜಾರಿದ ಸಣ್ಣ ಗೀರು ಮಾತ್ರ ಇದೆ ಎಂದರೆ ಎಕ್ಸ್‌ಟ್ರಾಕ್ಟರ್ ಉಗುರು ಮೊಂಡಾಗಿದೆ ಅಥವಾ ಅದರ ಸ್ಪ್ರಿಂಗ್ ಸೋತಿದೆ. ಎಕ್ಸ್‌ಟ್ರಾಕ್ಟರ್ ಮತ್ತು ಸ್ಪ್ರಿಂಗ್ ಅಗ್ಗದ ಭಾಗಗಳು. ಎರಡನ್ನೂ ಒಟ್ಟಿಗೇ ಬದಲಾಯಿಸುವುದು ನನಗೆ ಸರಿ ಅನಿಸುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಮಾತಿಗೆ ಇದೊಂದೇ ವಿನಾಯಿತಿ.

ಉಕ್ಕಿನ ಕೇಸ್ ತೋಟೆ ಬಳಸುವವರು ಇದನ್ನೂ ಗಮನಿಸಿ. ಹಿತ್ತಾಳೆಯಷ್ಟು ಚೆನ್ನಾಗಿ ಉಕ್ಕು ಚೇಂಬರನ್ನು ಮುಚ್ಚಿಕೊಳ್ಳುವುದಿಲ್ಲ. ಮಸಿ ಹಿಂದಕ್ಕೆ ಸೋರಿ ಚೇಂಬರಿನ ಗೋಡೆಗೆ ಹತ್ತುತ್ತದೆ. ಅದರ ಬೆನ್ನಿಗೇ ಹಿತ್ತಾಳೆ ತೋಟೆ ಹೊಡೆದರೆ ಅದು ಕಚ್ಚಿಕೊಳ್ಳಬಹುದು. ನಡುವೆ ಒಮ್ಮೆ ಚೇಂಬರ್ ಉಜ್ಜಿ.

.22 ರೈಫಲ್‌ನಲ್ಲಿ ಖಾಲಿ ಚೇಂಬರ್ ಮೇಲೆ ಪದೇ ಪದೇ ಟ್ರಿಗರ್ ಒತ್ತಿದ್ದರೆ ಫೈರಿಂಗ್ ಪಿನ್ (ತೋಟೆಯ ತಳಕ್ಕೆ ಬಡಿಯುವ ಮೊಳೆ) ಚೇಂಬರಿನ ಅಂಚನ್ನೇ ಕುಟ್ಟಿರಬಹುದು. ಆ ಜಾಗದಲ್ಲಿ ಲೋಹ ಒಳಕ್ಕೆ ಉಬ್ಬಿ, ತೋಟೆ ಒಳಗೆ ಹೋಗಲೂ ಕಷ್ಟ, ಹೊರಬರಲೂ ಕಷ್ಟ. ಹತ್ತಿಯ ಕಡ್ಡಿಯನ್ನು ಅಂಚಿನ ಸುತ್ತ ಆಡಿಸಿದರೆ ಎಳೆ ಸಿಕ್ಕಿಕೊಳ್ಳುತ್ತದೆ. ಇದನ್ನು ತಿದ್ದಲು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಬಳಿ ಸರಿಯಾದ ಸಾಧನ ಇರುತ್ತದೆ. ಅರ ಹಿಡಿದು ನೀವೇ ಉಜ್ಜಬೇಡಿ.

ಕೇಸ್ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ, ಅದು ಖಾಲಿ ಎಂದು ಖಚಿತವಾದ ಮೇಲೆ ಮಾತ್ರ ನಳಿಗೆಯ ತುದಿಯಿಂದ ರಾಡ್ ಹಾಕಿ ಮೆಲ್ಲಗೆ ತಟ್ಟಬಹುದು. ಅಸಲಿ ತೋಟೆ ಕಚ್ಚಿಕೊಂಡಿದ್ದರೆ ಮುಂದಿನಿಂದ ಯಾವುದನ್ನೂ ತೂರಿಸಬೇಡಿ. ರೇಂಜ್‌ನ ಜವಾಬ್ದಾರಿ ಹೊತ್ತವರನ್ನು ಕರೆಯಿರಿ.

ಹಂತ 8: ಗ್ಯಾಸ್ ಸಾಲುತ್ತಿಲ್ಲವೇ, ಜಾಸ್ತಿಯಾಗಿದೆಯೇ?

ಮ್ಯಾಗಜಿನ್ ಖಾಲಿಯಾದಾಗ ಬೋಲ್ಟ್ ಹಿಂದೆ ನಿಲ್ಲುವಂಥ ಗ್ಯಾಸ್ ರೈಫಲ್‌ಗೆ ಒಂದು ಸರಳ ಪರೀಕ್ಷೆ ಇದೆ. ಮ್ಯಾಗಜಿನ್‌ಗೆ ಒಂದೇ ತೋಟೆ ಹಾಕಿ ಹೊಡೆಯಿರಿ. ಬೋಲ್ಟ್ ಹಿಂದೆ ನಿಲ್ಲಬೇಕು. ಹತ್ತು ಸಲ ಮಾಡಿ, ಹತ್ತು ಸಲವೂ ನಿಲ್ಲಬೇಕು. ಖಾಲಿ ಮ್ಯಾಗಜಿನ್ ಹಾಕಿ ಕೈಯಿಂದ ಎಳೆದಾಗ ನಿಲ್ಲುತ್ತದೆ, ಹೊಡೆದಾಗ ನಿಲ್ಲುವುದಿಲ್ಲ ಎಂದರೆ ಬೋಲ್ಟ್ ಪೂರ್ತಿ ಹಿಂದೆ ಬರುತ್ತಿಲ್ಲ.

ಕೇಸ್ ಎಲ್ಲಿ ಬೀಳುತ್ತದೆ ಎಂಬುದೂ ಸುಳಿವು. ನಳಿಗೆಯ ದಿಕ್ಕು ಗಡಿಯಾರದ 12 ಎಂದುಕೊಳ್ಳಿ. ಎಆರ್-15ರಲ್ಲಿ 3ರಿಂದ ನಾಲ್ಕೂವರೆಯ ನಡುವೆ ಬಿದ್ದರೆ ಚಿಂತೆ ಇಲ್ಲ. 1, 2ರ ಕಡೆ ಮುಂದಕ್ಕೆ ಹಾರುತ್ತಿದ್ದರೆ ಗ್ಯಾಸ್ ಜಾಸ್ತಿ. 5ರ ಕಡೆ ಸೋತು ಬೀಳುತ್ತಿದ್ದರೆ ಕಡಿಮೆ. ಇದು ಸುಳಿವು ಅಷ್ಟೇ. ಇದೊಂದನ್ನೇ ನಂಬಿ ಬಿಡಿಭಾಗ ಕೊಳ್ಳಬೇಡಿ.

ಗ್ಯಾಸ್ ಕಡಿಮೆ ಎಂದಾದರೆ ಸೋರುವ ಜಾಗ ಹುಡುಕಿ. ಬೋಲ್ಟ್ ಕ್ಯಾರಿಯರ್ ಮೇಲೆ ಗ್ಯಾಸ್ ಒಳಬರುವ ಕೊಳವೆ, ಅಂದರೆ ಗ್ಯಾಸ್ ಕೀ, ಅಲ್ಲಾಡುತ್ತಾ ನೋಡಿ, ಅದರ ಎರಡು ಸ್ಕ್ರೂ ಸಡಿಲವಾಗಿರುವುದು ಸಾಮಾನ್ಯ. ಗ್ಯಾಸ್ ರಿಂಗ್ ಪರೀಕ್ಷೆಗೆ ಬೋಲ್ಟನ್ನು ಮುಂದಕ್ಕೆ ಎಳೆದು, ಬೋಲ್ಟಿನ ಮುಖ ಮೇಜಿನ ಮೇಲೆ ಬರುವಂತೆ ಕ್ಯಾರಿಯರನ್ನು ನಿಲ್ಲಿಸಿ. ಕ್ಯಾರಿಯರ್ ತನ್ನ ಭಾರಕ್ಕೇ ಕುಸಿದರೆ ಮೂರು ರಿಂಗ್‌ಗಳನ್ನೂ ಬದಲಾಯಿಸಿ. ರಿಂಗ್‌ಗಳ ಸೀಳು ಒಂದೇ ಸಾಲಿಗೆ ಬಂದರೆ ರೈಫಲ್ ಓಡಲ್ಲ ಎನ್ನುತ್ತಾರೆ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ನಳಿಗೆಯ ಗ್ಯಾಸ್ ತೂತಿನ ಮೇಲೆ ಕೂರುವ ಗ್ಯಾಸ್ ಬ್ಲಾಕ್ ಸರಿದಿದೆಯಾ, ಅದರ ಸುತ್ತ ಮಸಿಯ ಗೆರೆ ಇದೆಯಾ ನೋಡಿ.

ಕ್ಯಾರಿಯರ್ ಹಿಂದೆ ಕೂತು ಅದರ ಓಟವನ್ನು ನಿಧಾನ ಮಾಡುವ ಬಫರ್‌ನ ಭಾರವೂ ಲೆಕ್ಕವೇ. ಎಆರ್-15ರ ಸಾಮಾನ್ಯ ಕಾರ್ಬೈನ್ ಬಫರ್ ಸುಮಾರು 3 ಔನ್ಸ್, ಎಚ್2 ಎಂಬ ಭಾರದ ಬಫರ್ ಸುಮಾರು 4.6 ಔನ್ಸ್. ಯಾರೋ ಹೇಳಿದರೆಂದು ಸುಮ್ನೆ ಭಾರದ್ದು ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ಮೊದಲಿನದನ್ನೇ ಹಾಕಿ ನೋಡಿ. ಗ್ಯಾಸ್ ಹೊಂದಿಸುವ ಸ್ಕ್ರೂ ಇದ್ದರೆ ಪೂರ್ತಿ ಮುಚ್ಚಿ, ಒಂದೊಂದೇ ಕ್ಲಿಕ್ ತೆರೆಯುತ್ತಾ ಒಂದು ತೋಟೆಯ ಪರೀಕ್ಷೆ ಮಾಡಿ. ಬೋಲ್ಟ್ ತಪ್ಪದೆ ನಿಲ್ಲುವ ಜಾಗ ಸಿಕ್ಕ ಮೇಲೆ ಇನ್ನೂ ಒಂದೆರಡು ಕ್ಲಿಕ್ ತೆರೆಯಿರಿ. ಮಸಿ ಕಟ್ಟಿದ ದಿನಕ್ಕೆ, ಚಳಿಯ ದಿನಕ್ಕೆ ಅಷ್ಟು ಉಳಿತಾಯ ಬೇಕು.

ಎಲ್ಲಿ ಕೈ ಬಿಡಬೇಕು

ಗ್ಯಾಸ್ ತೂತು ದೊಡ್ಡದು ಮಾಡುವುದು, ಚೇಂಬರ್ ತಿದ್ದುವುದು, ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್ ಮತ್ತು ಚೇಂಬರ್ ನಡುವೆ ತೋಟೆಗಿರುವ ಜಾಗ) ಅಳೆಯುವುದು ಇವೆಲ್ಲ ಗನ್‌ಸ್ಮಿತ್ ಕೆಲಸ. ತೂತು ಒಮ್ಮೆ ದೊಡ್ಡದಾದರೆ ಚಿಕ್ಕದು ಮಾಡಲು ಆಗಲ್ಲ. ಬೋಲ್ಟ್ ಪೂರ್ತಿ ಮುಚ್ಚದೆಯೇ ಗುಂಡು ಹಾರಿದರೆ, ಕೇಸ್ ಉಬ್ಬಿ ಬಂದರೆ ಅಥವಾ ಒಡೆದಿದ್ದರೆ, ಒಂದು ಸಲ ಟ್ರಿಗರ್ ಒತ್ತಿದ್ದಕ್ಕೆ ಎರಡು ಗುಂಡು ಹಾರಿದರೆ, ಇನ್ನೊಂದು ಗುಂಡೂ ಹೊಡೆಯಬೇಡಿ. ಹಾಗೇ ಚೀಲಕ್ಕೆ ಹಾಕಿ ತೆಗೆದುಕೊಂಡು ಹೋಗಿ. ನಿಮ್ಮ ಪುಸ್ತಕ, ಫೋಟೋ, ಐದಾರು ಖಾಲಿ ಕೇಸು, ತೊಂದರೆ ಕೊಟ್ಟ ಮ್ಯಾಗಜಿನ್ ಎಲ್ಲ ಜೊತೆಗಿರಲಿ. ಬರೀ ರೈಫಲ್ ಕೊಟ್ಟು "ನೋಡಿ" ಎಂದರೆ ಅವರೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಸರಿಹೋಯಿತು ಎಂದು ಹೇಳುವುದು ಯಾವಾಗ?

ಒಂದು ಮ್ಯಾಗಜಿನ್ ಸಲೀಸಾಗಿ ಓಡಿದರೆ ಖುಷಿಯಾಗುತ್ತದೆ, ನಿಜ. ಆದರೆ ಹತ್ತಕ್ಕೊಂದು ಸಿಕ್ಕಿಕೊಳ್ಳುತ್ತಿದ್ದ ರೈಫಲ್ ಇಪ್ಪತ್ತು ಗುಂಡು ಸುಮ್ಮನೆ ಅದೃಷ್ಟದಿಂದಲೂ ಹಾರಿಸಬಹುದು. ನಾನು ಕನಿಷ್ಠ ನೂರು ಗುಂಡು ಹೊಡೆಯುತ್ತೇನೆ. ಎಲ್ಲ ಮ್ಯಾಗಜಿನ್‌ಗಳಲ್ಲಿ, ನಡುವೆ ಉಜ್ಜದೆ, ಯಾವಾಗಲೂ ಬಳಸುವ ತೋಟೆಯಲ್ಲೇ. ಮಧ್ಯೆ ಒಂದು ಸಿಕ್ಕಿಕೊಂಡರೂ ಅದನ್ನು ಪುಸ್ತಕದಲ್ಲಿ ಬರೆದು, ಲೆಕ್ಕವನ್ನು ಮತ್ತೆ ಒಂದರಿಂದ ಶುರು ಮಾಡುತ್ತೇನೆ.